ಆರು ಮತ್ತು ಏಳರ ನಡುವಿನ ಯುಗಾದಿ

ಮಂದಾಕಿನಿಗೆ ಮೆಹಜಬೀನಳನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಮಂದಾಕಿನಿಗೇ ಅದು ಚೆನ್ನಾಗಿ ಗೊತ್ತಿತ್ತು. ಐವತ್ತೊಂದನೆಯ ವಯಸ್ಸಿನಲ್ಲಿ, ತಲೆಗೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟ ಮೇಲೆ, ಇಪ್ಪತ್ತೇಳರ ಹುಡುಗಿಯೊಬ್ಬಳ ಮೇಲೆ ಉರಿದುಕೊಳ್ಳುವುದು ಮರ್ಯಾದೆಯ ಕೆಲಸವಲ್ಲವೆಂದು ಆಕೆ ದಿನಾ ಬೆಳಗ್ಗೆ ಬಸ್ಸಿನಲ್ಲಿ ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದಳು. ಧಾರವಾಡದ ಕಾಲನಿಯಮ ಕೇಂದ್ರದ ಮೆಟ್ಟಿಲು ಹತ್ತುವಷ್ಟರಲ್ಲಿ ಆ ಬುದ್ಧಿ ಬಸ್ಸಿನಲ್ಲೇ ಉಳಿದುಬಿಟ್ಟಿರುತ್ತಿತ್ತು.

ಈ ಕೇಂದ್ರ ಹುಟ್ಟಿದ್ದು ಆರು ವರ್ಷಗಳ ಹಿಂದೆ, ಬೇಸಿಗೆಯ ಬೆಳಕು ವ್ಯರ್ಥವಾಗಬಾರದೆಂದು ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುವ ಕಾನೂನು ತಂದಾಗ. ಚಳಿಯ ದೇಶಗಳಲ್ಲಿ ಇದು ಹಳೆಯ ಪದ್ಧತಿ. ಅಲ್ಲಿ ಇಂಥ ತಿಂಗಳ ಇಷ್ಟನೆಯ ಭಾನುವಾರ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಮಂತ್ರಿಮಂಡಲಕ್ಕೆ ಭಾನುವಾರ ಹಿಡಿಸಲಿಲ್ಲ. ಯುಗಾದಿಯ ದಿನ ಬೆಳಗ್ಗೆ ಆರಕ್ಕೆ ಗಡಿಯಾರ ಏಳಾಗಬೇಕು, ವಿಜಯದಶಮಿಯ ದಿನ ಮಧ್ಯಾಹ್ನ ನಾಲ್ಕು ಮರಳಿ ಮೂರಾಗಬೇಕು ಎಂದು ಅವರು ತೀರ್ಮಾನಿಸಿದರು. ಭಾಷಣ ಮಾಡುವವರಿಗೆ ಇದು ಬಹಳ ಚಂದವಾಗಿ ಕೇಳಿಸಿತು. ಅದನ್ನು ಯಂತ್ರಕ್ಕೆ ತಿಳಿಸಬೇಕಾದವರ ತಲೆ ಮಾತ್ರ ಕೆಟ್ಟುಹೋಯಿತು.

ಜನ ಹೇಗೋ ಹೊಂದಿಕೊಂಡರು. ಯುಗಾದಿಯಂದು ಆರಕ್ಕೆ ಮೈಗೆ ಎಣ್ಣೆ ಹಚ್ಚಿಕೊಂಡು ಕೂತವರು ಕಾಲುಗಂಟೆ ಕಳೆದು ಎದ್ದು ನೋಡಿದರೆ ಏಳೂಕಾಲು ದಾಟಿರುತ್ತಿತ್ತು. ಎಮ್ಮೆಗಳು ಕಾನೂನನ್ನು ಒಪ್ಪಲಿಲ್ಲವಾದ್ದರಿಂದ ಹಾಲಿನವರು ಎರಡು ವಾರ ಬೈಸಿಕೊಂಡರು. ವಿಜಯದಶಮಿಗೆ ಮರಳಿ ಸಿಗುವ ಗಂಟೆಯನ್ನು ಮಾತ್ರ ಎಲ್ಲರೂ ಪ್ರೀತಿಯಿಂದ ಸ್ವೀಕರಿಸಿದರು. ವರ್ಷವಿಡೀ ಮಾತು ಬಿಟ್ಟವರ ಮನೆಗೆ ಬನ್ನಿ ಕೊಡಲು ಹೋಗುವುದಿದ್ದರೆ ಆ ಎರಡನೆಯ ಮೂರು ಗಂಟೆಯಲ್ಲೇ ಹೋಗುವುದು ರೂಢಿಯಾಯಿತು. ಅದು ಲೆಕ್ಕಕ್ಕೆ ಬಾರದ ಗಂಟೆ, ಆಗ ಸೋತರೂ ಸೋತಂತಲ್ಲ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು.

ರಾಜ್ಯದ ಪ್ರತಿಯೊಂದು ಫೋನು, ರೈಲು ನಿಲ್ದಾಣದ ಗಡಿಯಾರ, ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಮದ್ದು ಇಳಿಸುವ ಯಂತ್ರ, ಇವೆಲ್ಲ ಈಗ ಗಂಟೆ ಎಷ್ಟು ಎಂದು ಕೊನೆಗೆ ಕೇಳುವುದು ಕೇಂದ್ರದ ಒಂದೇ ಒಂದು ನಿಯಮದ ಕಡತವನ್ನು. ಅದರ ತಲೆಯಲ್ಲಿ ಪಾಲಕರು ಎಂದು ಒಬ್ಬರ ಹೆಸರಿರುತ್ತದೆ. ಆರು ವರ್ಷ ಅಲ್ಲಿದ್ದದ್ದು ಮಂದಾಕಿನಿಯ ಹೆಸರು. ಪ್ರತಿ ವರ್ಷ ಸರ್ಕಾರ ಯುಗಾದಿಯ ತಾರೀಖು ಸಾರಿದ ಕೂಡಲೇ ಆಕೆ ಅದನ್ನು ಕೈಯಾರೆ ಕಡತಕ್ಕೆ ಸೇರಿಸುತ್ತಿದ್ದಳು. ತೊಂದರೆಯೆಂದರೆ, ಸರ್ಕಾರ ತಾರೀಖು ಸಾರುವುದು ಹಬ್ಬ ಹದಿನೈದು ದಿನ ಇದೆ ಎನ್ನುವಾಗ. ಜನ ಮದುವೆಗೆ ಛತ್ರ ಹಿಡಿಯುವುದು, ಆಪರೇಷನ್ನಿಗೆ ದಿನ ಗೊತ್ತು ಮಾಡುವುದು ವರ್ಷ ಮುಂಚೆ. ಮಂದಾಕಿನಿ ಅಂದಾಜಿನ ಮೇಲೆ ಮುಂದಿನ ವರ್ಷಗಳ ತಾರೀಖು ತುಂಬಿರುತ್ತಿದ್ದಳು. ಅಂದಾಜು ಒಂದು ದಿನ ತಪ್ಪಿತೋ, ಆ ದಿನದ ಹತ್ತು ಗಂಟೆಯ ಕೆಲಸಗಳೆಲ್ಲ ಜನರ ಕ್ಯಾಲೆಂಡರಿನಲ್ಲಿ ಹನ್ನೊಂದಕ್ಕೆ ಜಾರಿಬಿಡುತ್ತಿದ್ದವು.

ಇದಕ್ಕೆ ಪರಿಹಾರ ಹುಡುಕಿದವಳು ಸವಣೂರಿನಿಂದ ಬಂದ ಮೆಹಜಬೀನ್ ನದಾಫ್, ಅದೂ ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲಿ. ಜನ ಹೇಳಿದ ಮಾತನ್ನು ಹಾಗೆಯೇ ಇಟ್ಟುಕೊಳ್ಳಬೇಕು ಎಂಬುದು ಅವಳ ವಾದ. ಧಾರವಾಡದಲ್ಲಿ, ಆ ದಿನ, ಗೋಡೆಯ ಗಡಿಯಾರ ಹತ್ತು ತೋರಿಸಿದಾಗ ಎಂದಷ್ಟೇ ಬರೆದಿಟ್ಟು, ಅದು ನಿಜವಾಗಿ ಯಾವ ಕ್ಷಣ ಎಂಬುದನ್ನು ತಾರೀಖು ಗಟ್ಟಿಯಾದ ಮೇಲೆ ಲೆಕ್ಕ ಹಾಕಬೇಕು. ತಾರೀಖು ಸಾರುವ ತನಕ ಯಂತ್ರವೇ ಸೂರ್ಯಚಂದ್ರರನ್ನು ನೋಡಿ ಯುಗಾದಿಯನ್ನು ಗುಣಿಸಿ ಇಟ್ಟುಕೊಂಡಿರಬೇಕು. ನಿರ್ದೇಶಕರ ಮುಂದೆ ಇದನ್ನು ಅವಳು ವಿವರಿಸಿದ ರೀತಿಯನ್ನು ಮಂದಾಕಿನಿ ಇವತ್ತಿಗೂ ಮರೆತಿಲ್ಲ.

"ನಮ್ಮಪ್ಪ ಊರಾಗ ಚಂದ್ರ ನೋಡೋ ಕಮಿಟ್ಯಾಗ ಅದಾರ್ರೀ. ಹಬ್ಬ ನಾಳೆನೋ ನಾಡಿದ್ದೋ ಮುಂಚೆ ಯಾರಿಗೂ ಗೊತ್ತಿರೂದಿಲ್ಲ. ಹಂಗಂತ ನಮ್ಮವ್ವ ಸುಮ್ನ ಕುಂದ್ರೂದಿಲ್ಲ. ಶ್ಯಾವಿಗಿ ಹುರದ ಇಟ್ಟಿರ್ತಾಳ. ಹಾಲು ಹಾಕೂದು ಮಾತ್ರ ಸುದ್ದಿ ಬಂದ ಮ್ಯಾಲೆ."

ನಿರ್ದೇಶಕರು ಮೇಜು ಕುಟ್ಟಿ ನಕ್ಕರು. ಎಲ್ಲರೂ ನಕ್ಕರು. ಆರು ವರ್ಷ ತಾನು ಸುದ್ದಿ ಬರುವ ಮೊದಲೇ ಶ್ಯಾವಿಗೆಗೆ ಹಾಲು ಹಾಕುತ್ತ ಬಂದೆನೆಂದು ಮಂದಾಕಿನಿಗೆ ಅರ್ಥವಾಯಿತು. ನಿಜಕ್ಕೂ ಅದು ಒಳ್ಳೆಯ ಯೋಚನೆ, ಅದೇ ಹೊಟ್ಟೆಯೊಳಗೆ ಹೆಚ್ಚು ಉರಿದದ್ದು. ಈ ಸಲದ ಯುಗಾದಿ ಸುಸೂತ್ರವಾಗಿ ದಾಟಿದರೆ ಪಾಲಕರ ಹೆಸರು ಬದಲಾಗುತ್ತದೆ ಎಂದು ನಿರ್ದೇಶಕರು ಮೆತ್ತಗೆ ತಿಳಿಸಿದರು.

ಹೆಸರು ಹೋದರೆ ಹೋಗಲಿ ಎಂದುಕೊಳ್ಳುವಷ್ಟು ದೊಡ್ಡ ಮನಸ್ಸು ಮಂದಾಕಿನಿಗೆ ಇತ್ತು. ಹೋದದ್ದು ಹೆಸರಷ್ಟೇ ಆಗಿರಲಿಲ್ಲ.

ಅವಳ ಅಪ್ಪ ತಮ್ಮಣಾಚಾರ್ಯರು ನಲವತ್ತು ವರ್ಷ ಪಂಚಾಂಗ ಗುಣಿಸಿದವರು. ಅವರ ಪಂಚಾಂಗ ಹುಬ್ಬಳ್ಳಿಯಿಂದ ವಿಜಯಪುರದ ತನಕ ಮನೆಮನೆಯ ಗೋಡೆಯಲ್ಲಿ ತೂಗುತ್ತಿತ್ತು. ಆ ವಿದ್ಯೆಯನ್ನು ಅವರು ಮಗ ಶ್ರೀಪತಿಗೆ ಕೂಡಿಸಿಕೊಂಡು ಹೇಳಿಕೊಟ್ಟರು. ಶ್ರೀಪತಿ ಆಕಳಿಸುತ್ತ ಕಲಿತು, ಬೇಗನೇ ಮರೆತು, ಹುಬ್ಬಳ್ಳಿಯಲ್ಲಿ ಮೋಟಾರು ಸಾಮಾನಿನ ಅಂಗಡಿ ಇಟ್ಟ. ಹೆಣ್ಣುಮಗಳಿಗೆ ಅದು ಬೇಕಾದೀತೆಂದು ಆಚಾರ್ಯರಿಗೆ ಹೊಳೆಯಲೇ ಇಲ್ಲ. ಪಕ್ಕದ ಕೋಣೆಯಲ್ಲಿ ಅಕ್ಕಿ ಆರಿಸುತ್ತ ಕೂತು ಮಂದಾಕಿನಿ ಅದನ್ನು ಕೇಳಿ ಕೇಳಿ ಕಲಿತಳು, ಮುಂದೆ ಕಂಪ್ಯೂಟರು ಓದಿ ಅದನ್ನೇ ಪ್ರೋಗ್ರಾಮ್ ಮಾಡಿದಳು. ಹದಿನೆಂಟು ವರ್ಷಗಳ ಹಿಂದೆ ಅವಳು ಫೋನಿಗಾಗಿ ಬರೆದ ಪಂಚಾಂಗವನ್ನು ಲಕ್ಷಾಂತರ ಜನ ಬಳಸಿದರು. ಅದನ್ನು ಅಪ್ಪನ ಕೈಗೆ ಕೊಟ್ಟಾಗ ಅವರು ಎರಡು ನಿಮಿಷ ನೋಡಿ, ಅಕ್ಷರ ಬಹಳ ಸಣ್ಣವು ಎಂದರು. ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಮದುವೆಯ ಗೊಡವೆಗೆ ಹೋಗದೆ ಅವರ ಜೊತೆಯಲ್ಲೇ ಇದ್ದುಬಿಟ್ಟ ಮಗಳ ಲೆಕ್ಕದ ಬಗ್ಗೆ ಅವರು ಅಂದಿನಿಂದ ಇಂದಿನ ತನಕ ಒಂದು ಮಾತೂ ಆಡಿರಲಿಲ್ಲ.

ಅಂಥ ಅಪ್ಪ ಈಗ ಎಂಬತ್ಮೂರನೆಯ ವಯಸ್ಸಿನಲ್ಲಿ ಮೆಹಜಬೀನಳಿಗೆ ಪಾಠ ಹೇಳುತ್ತಿದ್ದರು.

ತಿಥಿಯ ಸೂಕ್ಷ್ಮಗಳನ್ನು ತಿಳಿದುಕೊ ಎಂದು ನಿರ್ದೇಶಕರೇ ಆ ಹುಡುಗಿಗೆ ಆಚಾರ್ಯರ ನಂಬರು ಕೊಟ್ಟಿದ್ದರು. ಒಂದು ದಿನದ ಮಾತು ದಿನನಿತ್ಯದ್ದಾಯಿತು. ಮಧ್ಯಾಹ್ನ ನಾಲ್ಕಕ್ಕೆ ಆಚಾರ್ಯರು ಮುಖ ತೊಳೆದು, ಶಾಲು ಹೊದ್ದು, ಫೋನನ್ನು ವ್ಯಾಸಪೀಠದ ಮೇಲೆ ನಿಲ್ಲಿಸಿಕೊಂಡು ಕೂರುತ್ತಿದ್ದರು. ಶನಿವಾರ ರಜೆಯ ದಿನ ಮಂದಾಕಿನಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಪಾಡ್ಯ ಸೂರ್ಯೋದಯಕ್ಕೆ ಇದ್ದರೆ ಆ ದಿನ ಯುಗಾದಿ, ಇಲ್ಲದಿದ್ದರೆ ಏನು, ಎರಡು ದಿನ ಇದ್ದರೆ ಏನು ಎಂದು ಅವರು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಆ ಹುಡುಗಿ ತಪ್ಪಿದರೆ ದಡ್ಡಿ, ಎಮ್ಮಿ ಎಂದು ಬೈಯುತ್ತಿದ್ದರು. ಅವಳು ನಗುತ್ತಿದ್ದಳು, ಇವರೂ ನಗುತ್ತಿದ್ದರು. ಆ ಬೈಗುಳಕ್ಕೂ ಮಂದಾಕಿನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ತನ್ನನ್ನು ಅಪ್ಪ ಒಂದು ದಿನವೂ ಹಾಗೆ ಬೈದಿರಲಿಲ್ಲ. ಬೈಯುವಷ್ಟು ತನ್ನ ಲೆಕ್ಕವನ್ನು ಅವರು ನೋಡಿದ್ದಾದರೂ ಯಾವಾಗ?

"ಶ್ಯಾವಿಗಿ ಹುರದ ಇಡೂ ಮಾತು ಅಂದ್ಲಲ್ಲ ಮಾಜಬಿ, ನಲವತ್ತು ವರ್ಷದಾಗ ನನಗ ಹೊಳೀಲಿಲ್ಲ ನೋಡು ಅದು," ಎಂದು ಊಟಕ್ಕೆ ಕೂತಾಗ ಅವರು ಹೇಳುತ್ತಿದ್ದರು. ಹೆಸರನ್ನು ಮಾಜಬಿ ಎಂದೇ ಹಳೆಯ ಕಾಲದವರಂತೆ ಕರೆಯುತ್ತಿದ್ದರು. ಮಂದಾಕಿನಿ ಅವರ ತಟ್ಟೆಗೆ ಸಾರು ತುಸು ಜೋರಾಗಿಯೇ ಬಡಿಸುತ್ತಿದ್ದಳು.

ಆ ವರ್ಷ ಯುಗಾದಿಯ ವಿಷಯದಲ್ಲಿ ಜಗಳವೆದ್ದಿತು. ಒಂದು ಪಕ್ಷದ ಪಂಚಾಂಗದಲ್ಲಿ ಹಬ್ಬ ಒಂದು ದಿನ, ಇನ್ನೊಂದರಲ್ಲಿ ಮಾರನೆಯ ದಿನ. ಎರಡೂ ಕಡೆಯವರು ಮಂತ್ರಿಗಳ ಮನೆಗೆ ಹೋಗಿ ಹಣ್ಣುಹಂಪಲು ಕೊಟ್ಟು ಬಂದರು. ಮಂತ್ರಿಗಳು ಯಾರ ಮನಸ್ಸನ್ನೂ ನೋಯಿಸದ ಜಾಣರು. ಸೂರ್ಯೋದಯಕ್ಕೆ ಪಾಡ್ಯ ಇರುವ ದಿನ ಬೆಳಗ್ಗೆ ಆರಕ್ಕೆ ಗಡಿಯಾರ ಏಳಾಗತಕ್ಕದ್ದು ಎಂದು ಆದೇಶ ಹೊರಡಿಸಿ, ತಾರೀಖನ್ನು ಬರೆಯದೇ ಬಿಟ್ಟರು. ಯಾವ ದಿನ ಎಂಬುದನ್ನು ಈಗ ಪ್ರತಿಯೊಂದು ಫೋನೂ ತಾನೇ ಗುಣಿಸಿಕೊಳ್ಳಬೇಕಾಗಿತ್ತು. ಮೆಹಜಬೀನಳ ನಿಯಮಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇರಲಿಲ್ಲ.

ಹಬ್ಬಕ್ಕೆ ಹನ್ನೊಂದು ದಿನ ಇದ್ದಾಗ ಮಂದಾಕಿನಿ ಆ ನಿಯಮವನ್ನು ಪ್ರಯೋಗಶಾಲೆಯ ಸುಳ್ಳು ಗಡಿಯಾರದ ಮೇಲೆ ಓಡಿಸಿ ನೋಡಿದಳು. ಇಡೀ ರಾಜ್ಯದ ಬದಲು ಒಂದು ಯಂತ್ರಕ್ಕೆ ಮಾತ್ರ ಇವತ್ತು ಯುಗಾದಿ ಎಂದು ನಂಬಿಸುವ ಉಪಾಯ ಅದು. ಒಳಗಿನ ಪ್ರೋಗ್ರಾಮಿನ ಬರಹವನ್ನು ಮಾತ್ರ ಅವಳು ತೆರೆದಿರಲಿಲ್ಲ. ತೆರೆದು ಓದುವುದೆಂದರೆ ಆ ಹುಡುಗಿಯ ಕೈಕೆಳಗೆ ಕಲಿಯಲು ಕೂತಂತೆ ಎಂಬ ಬಿಂಕ. ಹೊರಗಿನಿಂದಲೇ ನೋಡುತ್ತ ಕೂತಳು. ಪರದೆಯ ಮೇಲೆ ಆರು ಬಡಿಯಿತು, ಏಳಾಯಿತು. ಮರುಕ್ಷಣ ಮತ್ತೆ ಆರಾಯಿತು. ಏಳಾಯಿತು. ಆರಾಯಿತು. ನಿಲ್ಲಲೇ ಇಲ್ಲ.

ಹಾಳೆ ಪೆನ್ನು ತೆಗೆದುಕೊಂಡು ಕೂತರೆ ಕಾರಣ ಹತ್ತು ನಿಮಿಷದಲ್ಲಿ ಸಿಕ್ಕಿತು. ಆ ದಿನ ಅಮಾವಾಸ್ಯೆ ಮುಗಿಯುವುದು ಬೆಳಗ್ಗೆ ಐದು ಐವತ್ತೆರಡಕ್ಕೆ. ಸೂರ್ಯೋದಯ ಆರು ಇಪ್ಪತ್ತಾರಕ್ಕೆ. ಸೂರ್ಯೋದಯಕ್ಕೆ ಪಾಡ್ಯ ಇದೆ, ಹಾಗಾಗಿ ಅಂದು ಯುಗಾದಿ. ಸರಿ, ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಈಗ ಯಂತ್ರ ಮತ್ತೊಮ್ಮೆ ಆರು ಇಪ್ಪತ್ತಾರರ ತಿಥಿಯನ್ನು ನೋಡುತ್ತದೆ, ಆದರೆ ಹೊಸ ಗಡಿಯಾರದ ಆರು ಇಪ್ಪತ್ತಾರು ಎಂದರೆ ಹಳೆಯ ಐದು ಇಪ್ಪತ್ತಾರು. ಆಗ ಇನ್ನೂ ಅಮಾವಾಸ್ಯೆ. ಓಹೋ, ಇವತ್ತು ಯುಗಾದಿಯಲ್ಲ ಎಂದು ಅದು ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತದೆ. ತಿರುಗಿಸಿದ ಕೂಡಲೇ ಪಾಡ್ಯ ಕಾಣಿಸುತ್ತದೆ. ಸೂರ್ಯೋದಯವನ್ನು ಅಲ್ಲಾಡುವ ಗಡಿಯಾರದಲ್ಲಿ ಹಿಡಿದದ್ದೇ ತಪ್ಪು. ಎಂದೂ ಅಲ್ಲಾಡದ ಒಂದು ಕಾಲದಲ್ಲಿ ಅದನ್ನು ಹಿಡಿಯಬೇಕಾಗಿತ್ತು. ಅಮಾವಾಸ್ಯೆ ಸರಿಯಾಗಿ ಸೂರ್ಯೋದಯದ ಹಿಂದಿನ ಆ ಒಂದು ಗಂಟೆಯೊಳಗೆ ಮುಗಿದರೆ ಮಾತ್ರ ಬಯಲಾಗುವ ತಪ್ಪು ಇದು, ಈ ವರ್ಷ ಹಾಗೆ ಮುಗಿಯುತ್ತಿತ್ತು.

ಮಂದಾಕಿನಿಗೆ ಮೊದಲು ಆದದ್ದು ಸಂತೋಷ. ಮೈ ಬೆಚ್ಚಗಾಗುವಂಥ, ಕೆಟ್ಟ, ತುಂಬು ಸಂತೋಷ. ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡು ಅವಳು ಕ್ಯಾಂಟೀನಿಗೆ ಹೋಗಿ ಗಿರಮಿಟ್ಟು ತಿಂದಳು. ಯಾರಿಗೂ ಏನೂ ಹೇಳಲಿಲ್ಲ.

ಮೂರು ದಿನ ಹೇಳಲಿಲ್ಲ. ಆಸ್ಪತ್ರೆಯ ಯಂತ್ರಗಳು ಏಳರ ಮದ್ದನ್ನು ಪ್ರತಿ ಸಲ ಏಳಾದಾಗಲೂ ಇಳಿಸುತ್ತವೆ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಹಬ್ಬದ ಹಿಂದಿನ ಸಂಜೆ ಹೇಳಿದರಾಯಿತು, ಎಲ್ಲರೂ ಗಾಬರಿಯಾದಾಗ ತಾನು ಒಂದೇ ಸಾಲು ತಿದ್ದಿ ಎಲ್ಲವನ್ನೂ ಉಳಿಸಿದರಾಯಿತು, ಆಗ ಅಪ್ಪನಿಗೂ ಗೊತ್ತಾಗುತ್ತದೆ ಎಂದು ಅವಳು ಮನಸ್ಸಿನಲ್ಲೇ ನಾಟಕ ಹೊಂದಿಸಿಕೊಂಡಳು. ಕಾರಿಡಾರಿನಲ್ಲಿ ಮೆಹಜಬೀನ್ ಸಿಕ್ಕಿ ಮೇಡಮ್ಮರ ಚಹಾ ಆತೇನ್ರೀ ಎಂದು ಕೇಳಿದರೆ ಮಾತ್ರ ಆತು ಎಂದಷ್ಟೇ ಹೇಳಿ ಬೇಗ ದಾಟಿಹೋಗುತ್ತಿದ್ದಳು. ಆ ಹುಡುಗಿ ಊಟವನ್ನೂ ಮರೆತು ಕೆಲಸ ಮಾಡುತ್ತಿದ್ದಳು, ಕಣ್ಣ ಕೆಳಗೆ ಕಪ್ಪಾಗಿತ್ತು. ಅಯ್ಯೋ ಪಾಪ ಎಂದು ಮಂದಾಕಿನಿಗೆ ಅನ್ನಿಸುತ್ತಿತ್ತು. ಅನ್ನಿಸಿದ ಕೂಡಲೇ ಸಿಟ್ಟೂ ಬರುತ್ತಿತ್ತು.

ಮೌನ ಮುರಿದದ್ದು ಒಳ್ಳೆಯತನದಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕನೆಯ ದಿನ ಬೆಳಗ್ಗೆ ಅವಲಕ್ಕಿ ತಿನ್ನುತ್ತ ಆಚಾರ್ಯರು, ತಾವಾಗಿಯೇ, ಒಂದು ಮಾತು ಹೇಳಿದರು.

"ಒಂದು ವೇಳೆ ಮಾಜಬಿ ಈ ಸಲ ಎಡವಿದ್ಲು ಅಂತ ತಿಳಕೊ. ಅಕಿನ್ನ ಬಿಡೂದಿಲ್ಲ ನಾ. ಮನಿಗೇ ಕರಸ್ತೀನಿ. ಮ್ಯಾಲಿನ ಖೋಲಿ ಖಾಲಿನ ಅದ. ಆರು ತಿಂಗಳು ಇಲ್ಲೇ ಇದ್ದು ಎಲ್ಲಾ ಬುಡದಿಂದ ಕಲತು ಹೋಗ್ಲಿ."

ಮಂದಾಕಿನಿಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಆ ಹುಡುಗಿ ಸೋತರೆ ಅಪ್ಪನಿಂದ ದೂರವಾಗುತ್ತಾಳೆಂದು ಅವಳು ಇಷ್ಟು ದಿನ ನಂಬಿದ್ದಳು. ಸೋತರೆ ಮನೆಯೊಳಗೇ ಬರುತ್ತಾಳೆ! ಅಪ್ಪನ ಎದುರು, ಶ್ರೀಪತಿ ಕೂರುತ್ತಿದ್ದ ಜಾಗದಲ್ಲಿ, ಆರು ತಿಂಗಳು ಕೂರುತ್ತಾಳೆ. ತಾನು ಅವರಿಬ್ಬರಿಗೂ ಚಹಾ ಮಾಡಿ ಕೊಡಬೇಕು. ಮಂದಾಕಿನಿ ಅರ್ಧ ತಿಂದ ತಟ್ಟೆ ಬಿಟ್ಟು ಎದ್ದಳು, ಆ ದಿನ ಬಸ್ಸಿಗೂ ಕಾಯಲಿಲ್ಲ, ಆಟೋ ಹಿಡಿದಳು.

ಪ್ರಯೋಗಶಾಲೆಯಲ್ಲಿ ಮೆಹಜಬೀನ್ ಒಬ್ಬಳೇ ಇದ್ದಳು. ಮಂದಾಕಿನಿ ಮಡಚಿದ ಹಾಳೆಯನ್ನು ಅವಳ ಮುಂದಿಟ್ಟು, ಸುಳ್ಳು ಗಡಿಯಾರವನ್ನು ಓಡಿಸಿ ತೋರಿಸಿದಳು. ನಿನ್ನ ನಿಯಮದಲ್ಲಿ ಇಷ್ಟು ದೊಡ್ಡ ತೂತು ಇದೆ, ಸೂರ್ಯೋದಯ ಹಿಡಿಯುವುದೂ ಗೊತ್ತಿಲ್ಲವೇ ಎಂದು, ಮೂರು ದಿನ ಹೊಂದಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಅರ್ಧವನ್ನಾದರೂ ಆಡಿದಳು. ಆರು ಏಳಾಗುವುದನ್ನು, ಏಳು ಆರಾಗುವುದನ್ನು ನೋಡುತ್ತ ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ಬರಹವನ್ನು ತೆರೆದು ಬೆರಳಿಟ್ಟು ಸಾಲು ಸಾಲಾಗಿ ಕೆಳಗಿಳಿದಳು. ಒಂದು ಕಡೆ ಬೆರಳು ನಿಂತಿತು. ಅವಳು ಪರದೆಯನ್ನು ಮಂದಾಕಿನಿಯ ಕಡೆಗೆ ತಿರುಗಿಸಿದಳು.

ಸೂರ್ಯೋದಯದ ಭಾಗದ ಮೇಲೆ ಬರೆದವರ ಹೆಸರಿತ್ತು, ತಾರೀಖೂ ಇತ್ತು. ಹದಿನೆಂಟು ವರ್ಷಗಳ ಹಿಂದಿನದು. ಮಂದಾಕಿನಿ ತಮ್ಮಣಾಚಾರ್ಯ. ಫೋನಿನ ಪಂಚಾಂಗಕ್ಕಾಗಿ ಬರೆದದ್ದು, ಗಡಿಯಾರ ಅಲ್ಲಾಡಬಹುದೆಂದು ನಾಡಿನಲ್ಲಿ ಯಾರೂ ಕನಸಿನಲ್ಲಿಯೂ ನೆನೆಸದ ಕಾಲದಲ್ಲಿ. ಮೆಹಜಬೀನ್ ಅದರ ಒಂದು ಅಕ್ಷರವನ್ನೂ ಬದಲಿಸದೆ ತನ್ನ ನಿಯಮದೊಳಗೆ ಇಟ್ಟಿದ್ದಳು.

ಇದನ್ನೇಕೆ ಪರೀಕ್ಷಿಸಲಿಲ್ಲ ಎಂದು ಕೇಳುವಾಗ ಮಂದಾಕಿನಿಯ ದನಿ ಅವಳಿಗೇ ಕೇಳಿಸಲಿಲ್ಲ.

"ಬದಲ ಮಾಡ್ಬೇಕಂತ ಇದ್ದೆ ರೀ ಮೇಡಮ್ಮರ," ಎಂದಳು ಮೆಹಜಬೀನ್, ತಲೆ ತಗ್ಗಿಸಿ. "ಅಜ್ಜಾರ ಕೇಳಿದ್ರು, ಅದನ್ನ ಬರದಾಕಿ ಯಾರು ಅಂತ. ನೀವು ಅಂತ ಹೇಳಿದೆ. ನನ್ನ ಮಗಳು ಬರದದ್ದನ್ನ ಮುಟ್ಟಬ್ಯಾಡ, ಅಕಿ ಲೆಕ್ಕಾ ತಪ್ಪೂದಿಲ್ಲ ಅಂದ್ರು. ಅದಕ್ಕ ಬಿಟ್ಟೆ ರೀ."

ಮಂದಾಕಿನಿ ಕುರ್ಚಿ ಎಳೆದುಕೊಂಡು ಕೂತಳು. ಜೀವಮಾನವಿಡೀ ಕೇಳಬೇಕೆಂದಿದ್ದ ಮಾತು ಕೊನೆಗೂ ಅಪ್ಪನ ಬಾಯಿಂದ ಬಂದಿತ್ತು. ಬಂದದ್ದು ಬೇರೆಯವಳ ಕಿವಿಗೆ. ಅದೂ ತಪ್ಪಿದ ಲೆಕ್ಕದ ಮೇಲೆ. ಅಳಬೇಕೋ ನಗಬೇಕೋ ತಿಳಿಯದೆ ಅವಳು ಪರದೆಯ ಮೇಲಿನ ತನ್ನ ಹೆಸರನ್ನೇ ನೋಡುತ್ತಿದ್ದಳು. ಮೆಹಜಬೀನ್ ಒಂದು ಲೋಟ ನೀರು ತಂದುಕೊಟ್ಟು, ತಗ್ಗಿದ ದನಿಯಲ್ಲಿ, ಆ ಸಾಲಿನ ತಪ್ಪನ್ನು ನನ್ನದೆಂದೇ ಬರೆದುಕೊಳ್ಳುತ್ತೇನೆ, ಅಜ್ಜನವರಿಗೆ ಹೇಳುವುದೇನೂ ಬೇಡ ಎಂದಳು. ಎಷ್ಟು ಸಲೀಸಾಗಿ ಹೇಳಿದಳೆಂದರೆ ಮಂದಾಕಿನಿಗೆ ಅವಳನ್ನು ದ್ವೇಷಿಸುವುದಕ್ಕೂ ದಾರಿ ಉಳಿಯಲಿಲ್ಲ.

ಇದಕ್ಕೆ ಒಪ್ಪಿಕೊಂಡಿದ್ದರೆ ಅಪ್ಪನ ಆ ಹೊಗಳಿಕೆ ಕೊನೆಯ ತನಕ ಉಳಿಯುತ್ತಿತ್ತು. ಆದರೆ ಅದು ಉಳಿಯುವುದು ಮೆಹಜಬೀನಳ ಕೈಯಲ್ಲಿ, ಅವಳ ದಯೆಯಿಂದ. ಅಪ್ಪನ ಮಾತನ್ನೂ ಅವಳೇ ಕೇಳಿಸಿಕೊಂಡಿದ್ದಾಯಿತು, ಈಗ ಅದನ್ನು ಕಾಪಾಡುವವಳೂ ಅವಳೇ ಆಗಬೇಕೇ? ಇಬ್ಬರೂ ಸೇರಿ ಆ ಸಾಲನ್ನು ತಿದ್ದಿದರು. ಸೂರ್ಯೋದಯವನ್ನು ಅಲ್ಲಾಡದ ಕಾಲಕ್ಕೆ ಕಟ್ಟಿದರು. ನೂರು ವರ್ಷದ ಯುಗಾದಿಗಳನ್ನು ಓಡಿಸಿ ನೋಡಿದರೆ ಪ್ರತಿ ಸಲ ಆರು ಒಂದೇ ಬಾರಿ ಏಳಾಯಿತು. ತಪ್ಪು ಬರೆದವರು ಯಾರು ಎಂಬ ಜಾಗದಲ್ಲಿ ಮಂದಾಕಿನಿ ತನ್ನ ಹೆಸರನ್ನೇ ಬರೆದು, ಮಧ್ಯಾಹ್ನಕ್ಕೆ ರಜೆ ಹಾಕಿ ಮನೆಗೆ ಹೊರಟಳು.

ಮುಂದೆ ಯುಗಾದಿಯ ಬೆಳಗ್ಗೆ ರಾಜ್ಯದ ಗಡಿಯಾರಗಳೆಲ್ಲ ಒಮ್ಮೆಲೇ ಏಳಾದವು, ಎಣ್ಣೆ ಹಚ್ಚಿಕೊಂಡವರು ಎಂದಿನಂತೆ ಸರ್ಕಾರವನ್ನು ಬೈದರು. ಕಡತದ ಪಾಲಕರ ಜಾಗಕ್ಕೆ ಮೆಹಜಬೀನಳ ಹೆಸರು ಬಂದಿತು. ಅದನ್ನು ನೋಡಿ ಮಂದಾಕಿನಿಗೆ ಚುರುಕ್ಕೆಂದಿತು, ಇಲ್ಲ ಎನ್ನಲಾರೆ. ಆದರೆ ನಡೆಯಬೇಕಾದದ್ದು ಅದಕ್ಕೂ ಏಳು ದಿನ ಮೊದಲೇ ಮನೆಯಲ್ಲಿ ನಡೆದುಹೋಗಿತ್ತು.

ಆ ಮಧ್ಯಾಹ್ನ ಆಚಾರ್ಯರು ನಡುಮನೆಯಲ್ಲಿ ಕೂತಿದ್ದರು. ಮಗಳು ಚಪ್ಪಲಿ ಬಿಟ್ಟು ನೇರ ಬಂದು, ಸೂರ್ಯೋದಯದ ಲೆಕ್ಕ ತಪ್ಪಾಗಿತ್ತು, ತಪ್ಪಿದವಳು ನಾನು, ಮೆಹಜಬೀನ್ ಅಲ್ಲ, ಗೊತ್ತಾದ ಮೇಲೂ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಆಚಾರ್ಯರು ಶಾಲು ಸರಿಮಾಡಿಕೊಂಡು ನೆಟ್ಟಗೆ ಕೂತರು. ಆಮೇಲೆ ಅಮಾವಾಸ್ಯೆ ಎಷ್ಟಕ್ಕೆ ಮುಗಿಯುತ್ತದೆಂದು ಕೇಳಿದರು. ಹೇಳಿದಳು. ಹಾಳೆಗಾಗಿ ಕೈ ಚಾಚಿದರು. ಕೊಟ್ಟಳು. ಕನ್ನಡಕ ಏರಿಸಿ, ಪೆನ್ನಿನ ತುದಿಯಿಂದ ಒಂದೊಂದೇ ಅಂಕಿಯನ್ನು ಕುಟ್ಟುತ್ತ ಕೊನೆಯ ತನಕ ಹೋದರು. ಅವರ ಮುಖ ಕೆಂಪಾಯಿತು.

"ಸೂರ್ಯ ನಿನ್ನ ಗಡಿಯಾರ ನೋಡಿಕೊಂಡು ಹುಟ್ತಾನೇನ ದಡ್ಡಿ?" ಎಂದರು. "ಗಡಿಯಾರ ಅಲ್ಲಾಡಿಸ್ತಾರಂತ ತಿಳದು ಆರು ವರ್ಷಾತು. ಹಳೀ ಲೆಕ್ಕಾ ತಿರಗಿ ನೋಡಬೇಕಂತ ಅನಸಲಿಲ್ಲ? ಅದರಾಗ ಮೂರು ದಿನ ಮುಚ್ಚಿಟ್ಟಿ. ಕೂಡು ಇಲ್ಲೆ. ಮೊದಲಿಂದ ಹಾಕು, ನನ್ನ ಮುಂದ."

ಮಂದಾಕಿನಿ ಅವರ ಎದುರು ನೆಲದ ಮೇಲೆ ಕೂತು ಪೆನ್ನು ತೆಗೆದುಕೊಂಡಳು. ಮೊದಲ ಸಾಲಿಗೇ ಮತ್ತೊಮ್ಮೆ ಬೈಸಿಕೊಂಡಳು, ಮೂರನೆಯ ಸಾಲಿಗೆ ಹಾಳೆಯನ್ನೇ ಕಿತ್ತುಕೊಂಡು ಎಮ್ಮಿ ಎಂದರು. ಹೊತ್ತು ಇಳಿಯುವ ತನಕ ಅವರು ಬಿಡಲಿಲ್ಲ, ಮಗಳೂ ಏಳಲಿಲ್ಲ. ಕಣ್ಣಲ್ಲಿ ನೀರು ತುಂಬಿ ಅಂಕಿಗಳು ಸರಿಯಾಗಿ ಕಾಣದಿದ್ದರೂ ಅವಳು ಒಳಗೊಳಗೇ ಒಂದನ್ನು ಮಾತ್ರ ತಪ್ಪಿಲ್ಲದೆ ಎಣಿಸಿಕೊಂಡಳು. ಮೆಹಜಬೀನಳಿಗೆ ಒಂದು ದಿನವೂ ಇಷ್ಟು ಬೈಗುಳ ಬಿದ್ದಿರಲಿಲ್ಲ.